ಕಾಲರಾ ಬ್ಯಾಕ್ಟೀರಿಯಾ ಕರುಳಿನ ಜೀವಕೋಶದೊಳಗೆ ನುಗ್ಗುವುದೇ ಇಲ್ಲ. ಆದರೂ ಅಷ್ಟೊಂದು ಭೇದಿ ಯಾಕೆ?

ಅದು ಬಿಡುವ ವಿಷದಿಂದ. ಆ ವಿಷ ಜೀವಕೋಶವನ್ನು ಕೊಲ್ಲುವುದಿಲ್ಲ, ಉಪ್ಪು ಹೊರಗೆ ಹೋಗುವ ಬಾಗಿಲನ್ನು ತೆರೆದೇ ಇಡುತ್ತದೆ. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ.

ಈ ವಿಷದಲ್ಲಿ 5 ತುಂಡುಗಳ ಒಂದು ಉಂಗುರ ಇದೆ, ಅದರ ಮೇಲೆ ಕೆಲಸ ಕೆಡಿಸುವ ಇನ್ನೊಂದು ತುಂಡು. ಸಣ್ಣ ಕರುಳಿನ ಒಳಪದರದ ಜೀವಕೋಶಗಳ ಮೈಮೇಲೆ ಜಿಎಂ1 ಎಂಬ, ಸಕ್ಕರೆ ಅಂಟಿದ ಕೊಬ್ಬಿನ ಅಣು ಇರುತ್ತದೆ. ಉಂಗುರ ಅದನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ಜೀವಕೋಶವೇ ವಿಷವನ್ನು ಒಳಗೆ ಎಳೆದುಕೊಳ್ಳುತ್ತದೆ! ಒಳಗೆ ಹೋದ ತುಂಡು, ಕೆಲಸ ಮುಗಿಸಿ ಆಫ್ ಆಗಬೇಕಾದ ಒಂದು ಪ್ರೋಟೀನನ್ನು ಆನ್ ಆಗಿಯೇ ಉಳಿಸುತ್ತದೆ. ಇದರಿಂದ ಸಿಎಎಂಪಿ ಎಂಬ ಸಂದೇಶ ಒಯ್ಯುವ ಅಣು ಜಾಸ್ತಿಯಾಗುತ್ತದೆ. ಆಗ ಆ ಬಾಗಿಲು ತೆರೆದೇ ಉಳಿದು, ಉಪ್ಪಿನ ಭಾಗವಾದ ಕ್ಲೋರೈಡ್ ಜೀವಕೋಶದಿಂದ ಕರುಳಿನೊಳಕ್ಕೆ ಸುರಿಯುತ್ತದೆ, ಅದರ ಹಿಂದೆಯೇ ಸೋಡಿಯಂ ಮತ್ತು ನೀರು. ರೋಗ ತೀವ್ರವಾದರೆ ಗಂಟೆಗೆ 1 ಲೀಟರ್‌ವರೆಗೂ ನೀರು ಹೋಗಬಹುದು.

ಪುಣ್ಯಕ್ಕೆ ಒಂದು ದಾರಿ ಮಾತ್ರ ಕೆಡುವುದಿಲ್ಲ: ಗ್ಲೂಕೋಸ್ ಜೊತೆ ಸೋಡಿಯಂ ಒಳಗೆ ಬರುವ ದಾರಿ. ಗ್ಲೂಕೋಸ್ ಮತ್ತು ಉಪ್ಪು ಬೆರೆಸಿದ ನೀರು, ಅಂದರೆ ಓಆರ್‌ಎಸ್, ಕೆಲಸ ಮಾಡುವುದು ಅದಕ್ಕೇ. ಬರೀ ನೀರು ಸಾಲದು. ಭೇದಿ ನಿಲ್ಲಲಿ ಅಂತ ಕಾಯಬೇಡಿ, ಕೂಡಲೇ ಕುಡಿಸಲು ಶುರುಮಾಡಿ. ಕುಡಿಯಲೂ ಆಗದಷ್ಟು ಸುಸ್ತಾಗಿದ್ದರೆ ಡ್ರಿಪ್ ಬೇಕೇ ಬೇಕು, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.