ತೇರದಾಳದಲ್ಲಿ ಉಮಾಶ್ರೀ ಗೆದ್ದದ್ದು ಸಿನಿಮಾದ ಬಲದಿಂದಲೇ?

ನಟಿ ಉಮಾಶ್ರೀಯವರು ತಮ್ಮ ಊರೂ ಅಲ್ಲದ, ಜಿಲ್ಲೆಯೂ ಅಲ್ಲದ, ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ಶಾಸಕಿಯಾಗಿ, ಮಂತ್ರಿಯೂ ಆದದ್ದು ಸಿನಿಮಾದ ಜನಪ್ರಿಯತೆಯಿಂದಲೇ ಅಲ್ಲವೇ ಎಂದು ನೀವು ಕೇಳಿದ್ದೀರಿ. ನಾನು ಅದೇ ಕ್ಷೇತ್ರದ ಬನಹಟ್ಟಿಯವನು, ನಮ್ಮದು ನೇಕಾರರ ಮನೆ. ಅವರು ಅಲ್ಲಿ ಸ್ಪರ್ಧಿಸಿದ ಮೂರೂ ಚುನಾವಣೆಗಳಲ್ಲಿ ಮತ ಹಾಕಿದ್ದೇನೆ. ನಾನು ಕಂಡ ಮಟ್ಟಿಗೆ ಸಿನಿಮಾದ ಹೆಸರು ಅವರನ್ನು ನಮ್ಮ ಮನೆಗಳ ಹೊಸ್ತಿಲವರೆಗೆ ತಂದು ನಿಲ್ಲಿಸಿತು. ಅಲ್ಲಿಂದ ಮುಂದಿನ ಕೆಲಸವನ್ನೆಲ್ಲ ಬೇರೆ ಸಂಗತಿಗಳು ಮಾಡಿದವು.

ಮೊದಲು ಫಲಿತಾಂಶವನ್ನೇ ನೋಡಿ. ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ತೇರದಾಳ ಹೊಸ ಕ್ಷೇತ್ರವಾದದ್ದು 2008ರಲ್ಲಿ. ಆ ಮೊದಲ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದ ಉಮಾಶ್ರೀಯವರು ಬಿಜೆಪಿಯ ಸಿದ್ದು ಸವದಿಯವರ ಎದುರು ಸೋತರು. 2013ರಲ್ಲಿ ಅವರನ್ನೇ ಸೋಲಿಸಿ ಗೆದ್ದರು. 2018ರಲ್ಲಿ ಮತ್ತೆ ಅವರಿಂದಲೇ ಸೋತರು. ಈ ಹತ್ತು ವರ್ಷಗಳಲ್ಲಿ ಅವರ ಜನಪ್ರಿಯತೆ ಏರಿಳಿದದ್ದನ್ನು ನಾನು ಕಾಣೆ. ಮೊದಲ ಸಲ ಸೋತಾಗಲೂ ಅವರು ರಾಜ್ಯದ ಮನೆಮನೆಯ ನಟಿಯೇ ಆಗಿದ್ದರು, ಮುಂದೆ ‘ಗುಲಾಬಿ ಟಾಕೀಸ್’ ಚಿತ್ರದ ಅಭಿನಯಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿಯೂ ಬಂತು. ನಟಿ ಅವರೇ, ಎದುರಾಳಿ ಅವರೇ, ಓಣಿಗಳೂ ಅವೇ ಆಗಿದ್ದು ಫಲಿತಾಂಶ ಮಾತ್ರ ಸಲಸಲಕ್ಕೂ ಬದಲಾಗಿದೆ ಎಂದರೆ, ಕಾರಣವನ್ನು ತೆರೆಯ ಮೇಲಿನ ವರ್ಚಸ್ಸಿನ ಆಚೆಗೇ ಹುಡುಕಬೇಕಾಗುತ್ತದೆ.

2008ರ ಪ್ರಚಾರದ ಒಂದು ಬೆಳಗ್ಗೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಓಣಿಯಲ್ಲಿ ಪಾವರ್‌ಲೂಮ್‌ಗಳ ಸದ್ದು ಎಷ್ಟೆಂದರೆ ಮನೆಯೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಅವರು ಬಂದರೆಂದು ಯಾರೋ ಕೂಗಿದೊಡನೆ ಒಂದೊಂದೇ ಮಗ್ಗ ನಿಂತು, ವಿದ್ಯುತ್ ಹೋದಾಗ ಮಾತ್ರ ಆವರಿಸುವಂಥ ಮೌನ ಓಣಿಯನ್ನು ಆವರಿಸಿತು. ಕಂಡಿಕೆ ಸುತ್ತುತ್ತಿದ್ದ ನಮ್ಮ ಅವ್ವ ಕೈಯಲ್ಲಿದ್ದ ನೂಲನ್ನು ಹಾಗೆಯೇ ಬಿಟ್ಟು, “ಪುಟ್ಮಲ್ಲಿ ಬಂದಾಳ” ಎನ್ನುತ್ತ ಹೊರಗೆ ಓಡಿದಳು. ‘ಪುಟ್ನಂಜ’ ಚಿತ್ರದ ಅಜ್ಜಿಯ ಹೆಸರಿನಿಂದಲೇ ಅವಳು ಅವರನ್ನು ಗುರುತಿಸಿದ್ದಳು. ಹಾಗೆ ಓಡಿದವಳು ಆ ಸಲ ಅವರಿಗೆ ಮತ ಹಾಕಲಿಲ್ಲ. ಬೆಂಗಳೂರಿನಿಂದ ಬಂದವರು ಗೆದ್ದ ಮೇಲೆ ನಮ್ಮ ಕೈಗೆ ಸಿಗುತ್ತಾರೆಯೇ ಎಂಬುದು ಅವಳ ಪ್ರಶ್ನೆಯಾಗಿತ್ತು, ಮತ್ತು ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಹಾಗಾದರೆ 2013ರಲ್ಲಿ ಆದದ್ದೇನು? ಸೋತ ಮೇಲೆ ಅವರು ಕ್ಷೇತ್ರವನ್ನು ಬದಲಾಯಿಸದೆ ಅದೇ ತೇರದಾಳಕ್ಕೆ ಎರಡನೆಯ ಸಲ ಬಂದು ನಿಂತರು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ, ಏಕೆಂದರೆ ಅವ್ವನ ಪ್ರಶ್ನೆಗೆ ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಉತ್ತರ ಕೊಟ್ಟದ್ದು ಅದೇ. ಅವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರಾದರೂ ನೇಕಾರ ಸಮುದಾಯದವರು ಎಂಬುದು ರಬಕವಿ, ಬನಹಟ್ಟಿಗಳಂಥ ಮಗ್ಗದ ಊರುಗಳಲ್ಲಿ ಸಣ್ಣ ಮಾತಲ್ಲ. ಪಕ್ಷವು ಅವರನ್ನು ರಾಜ್ಯದ ಈ ತುದಿಗೆ ಕಳಿಸಿದ್ದರ ಹಿಂದೆ ಆ ಲೆಕ್ಕಾಚಾರ ಇದ್ದೇ ಇತ್ತು. ಇವೆರಡರ ಜೊತೆಗೆ ಗಾಳಿಯೂ ಸೇರಿಕೊಂಡಿತು. ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿ ಬಿಜೆಪಿಯ ಮತಗಳು ಒಡೆದಿದ್ದ ಆ ವರ್ಷ ಕಾಂಗ್ರೆಸ್ 122 ಸ್ಥಾನಗಳನ್ನು ಪಡೆದರೆ ಬಿಜೆಪಿ 40ಕ್ಕೆ ಇಳಿಯಿತು. 1985ರಲ್ಲಿ ನಟ ‘ಮುಖ್ಯಮಂತ್ರಿ’ ಚಂದ್ರು ಅವರು ಗೌರಿಬಿದನೂರಿನಲ್ಲಿ ಗೆದ್ದದ್ದೂ ಜನತಾ ಪಕ್ಷದ ಅಂಥದೇ ಗಾಳಿ ಬೀಸಿದ್ದ ವರ್ಷದಲ್ಲಿ.

ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ಉಮಾಶ್ರೀಯವರನ್ನು ಕೇವಲ ಸಿನಿಮಾ ನಟಿ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಅವರು ರಂಗಭೂಮಿಯಿಂದ ಬಂದವರು, ‘ಒಡಲಾಳ’ ನಾಟಕದ ಸಾಕವ್ವನ ಪಾತ್ರದಿಂದ ಹೆಸರಾದವರು. ಎದುರಿಗೆ ಕುಳಿತ ಜನರ ಮುಖ ನೋಡಿಕೊಂಡು ಮಾತನ್ನು ಏರಿಸಿ ಇಳಿಸುವ ಅಭ್ಯಾಸ ಕ್ಯಾಮೆರಾದ ಮುಂದೆ ಬರುವುದಿಲ್ಲ, ರಂಗದ ಮೇಲೆ ಬರುತ್ತದೆ. ಓಣಿಯ ಕಟ್ಟೆಯ ಮೇಲೆ ನಿಂತು ಮಾತನಾಡಬೇಕಾದ ರಾಜಕಾರಣಿಗೆ ಉಪಯೋಗಕ್ಕೆ ಬರುವುದು ಅದೇ ಅಭ್ಯಾಸ.

ಮಂತ್ರಿಯಾಗಿ ಅವರ ಕೈಗೆ ಬಂದದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಳು. ಎರಡನೆಯದು ಅವರಿಗೆ ತವರುಮನೆಯಿದ್ದಂತೆ, ಆದರೆ ಮೊದಲನೆಯದೇ ನಿಜವಾದ ಪರೀಕ್ಷೆಯಾಯಿತು. 2017ರ ಮಾರ್ಚ್‌ನಲ್ಲಿ ಗೌರವಧನ ಹೆಚ್ಚಿಸಬೇಕೆಂದು ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲೇ ಹಗಲು ರಾತ್ರಿ ಕಳೆದರು. ಅದೇ ವರ್ಷದ ಅಕ್ಟೋಬರ್ 2ರಂದು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ ಆರಂಭವಾಯಿತು. ಯೋಜನೆಯ ಆಶಯ ಒಳ್ಳೆಯದೇ, ಆದರೆ ದಿನ ತುಂಬಿದ ಹೆಂಗಸು ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ಹೋಗಿ ಊಟ ಮಾಡಿ ಬರಬೇಕೆಂಬುದು ಹಳ್ಳಿಗಳಲ್ಲಿ ಸುಲಭವಾಗಿರಲಿಲ್ಲ. ಇಂಥ ಇಲಾಖೆಯಲ್ಲಿ ಮಂತ್ರಿಯ ಹಿಂದಿನ ಹೆಸರು ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ, ಕೆಲಸ ಎಷ್ಟಾಯಿತು ಎಂಬುದನ್ನಷ್ಟೇ ಜನ ನೋಡುತ್ತಾರೆ. ನಮ್ಮ ರಬಕವಿ-ಬನಹಟ್ಟಿ ತಾಲ್ಲೂಕಾದದ್ದು 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ. ಬಹಳ ಕಾಲದ ಬೇಡಿಕೆ ಅವರ ಅವಧಿಯಲ್ಲಿ ಈಡೇರಿದ್ದಕ್ಕೆ ನನಗೆ ಸಂತೋಷವಿದೆ. ಹಾಗಿದ್ದೂ ಮರುವರ್ಷ ಅವರು ಸೋತರು. ಅಷ್ಟರಲ್ಲಿ ಬಿಜೆಪಿ ಒಂದಾಗಿತ್ತು, ಮತ್ತು ನೂಲಿನ ದರದ ಚಿಂತೆ ನೇಕಾರರನ್ನು ಬಿಟ್ಟಿರಲಿಲ್ಲ.

ಅವರು ಈಗಲೂ ರಾಜಕೀಯದಲ್ಲಿದ್ದಾರೆಯೇ ಎಂದೂ ನೀವು ಕೇಳಿದ್ದೀರಿ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ತೇರದಾಳದ ಟಿಕೆಟನ್ನು ಬೇರೆಯವರಿಗೆ ಕೊಟ್ಟಿತು, ಸಿದ್ದು ಸವದಿಯವರೇ ಮತ್ತೆ ಗೆದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಉಮಾಶ್ರೀಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಪರಿಷತ್ತಿನ 75 ಸ್ಥಾನಗಳಲ್ಲಿ 11 ಸ್ಥಾನಗಳನ್ನು ಕಲೆ, ಸಾಹಿತ್ಯ, ಸಮಾಜಸೇವೆ ಮೊದಲಾದ ಕ್ಷೇತ್ರಗಳಲ್ಲಿ ಅನುಭವವುಳ್ಳವರಿಗಾಗಿ ರಾಜ್ಯಪಾಲರು ತುಂಬುತ್ತಾರೆ. ಅಭಿನಯದಲ್ಲಿ ಗಳಿಸಿದ ಹೆಸರು ನೇರವಾಗಿ ಲೆಕ್ಕಕ್ಕೆ ಬರುವುದು ಆ ಸ್ಥಾನಕ್ಕೆ, ಮತ್ತು ಅದಕ್ಕೆ ಮತದಾರರ ಬಳಿ ಹೋಗಬೇಕಾದ ಅಗತ್ಯವಿಲ್ಲ.