ಹತ್ತು ಗಂಟೆ ಆಗಿಲ್ಲ ಅಂದ್ರೆ ಎಷ್ಟು ಜೋರಾದ್ರೂ ಹಾಕಬಹುದಾ?

ಪ್ರಶ್ನೆ: ನವೆಂಬರ್ ಬಂತೆಂದರೆ ನಮ್ಮ ಬೀದಿಯಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಕನ್ನಡ ಹಾಡು ಕೇಳೋದಕ್ಕೆ ನಮಗೇನೂ ಬೇಜಾರಿಲ್ಲ. ಆದರೆ ಸ್ಪೀಕರ್ ಸಾಲು ನಮ್ಮ ಗೇಟಿನ ಪಕ್ಕದಲ್ಲೇ ನಿಲ್ಲುತ್ತದೆ. ಶುರುವಾದ ಕೂಡಲೇ ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ತಟ್ಟೆಗಳೆಲ್ಲ ಗಲಗಲ ಅನ್ನುತ್ತವೆ. ಅತ್ತೆಗೆ 82 ವರ್ಷ, ಎದೆ ಹಿಡಿದುಕೊಂಡು ಕೂರುತ್ತಾರೆ. ಕೇಳಿದರೆ "ಪರ್ಮಿಷನ್ ಇದೆ ಅಕ್ಕ, ಹತ್ತಕ್ಕೆ ನಿಲ್ಲಿಸ್ತೀವಿ" ಅನ್ನುತ್ತಾರೆ. ಅಲ್ಲಿವರೆಗೆ ಎಷ್ಟು ಜೋರಾದರೂ ಹಾಕಬಹುದಾ?
— ಓದುಗರೊಬ್ಬರು, ಶ್ರೀನಗರ

ಉತ್ತರ: ಇಲ್ಲ. ಹತ್ತು ಗಂಟೆ ಅನ್ನೋದು ಮೈಕ್ ಬಂದ್ ಮಾಡೋ ಹೊತ್ತು. ಅದಕ್ಕೆ ಮುಂಚೆ ಕಿವಿ ಹರಿಯೋಕೆ ಕೊಟ್ಟ ಲೈಸೆನ್ಸ್ ಅಲ್ಲ. ಶಾಮಿಯಾನದವರನ್ನು ಕೇಳಿ, ಕಮಿಟಿ ಹುಡುಗರನ್ನು ಕೇಳಿ, ಎಲ್ಲರಿಗೂ ಗೊತ್ತಿರೋದು ಈ ಹತ್ತು ಗಂಟೆ ಒಂದೇ. ನಿಯಮದ ಇನ್ನರ್ಧ ಯಾರಿಗೂ ನೆನಪಿರಲ್ಲ.

ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಬೆಂಗಳೂರಿಗೂ. ಮನೆಗಳಿರೋ ಜಾಗದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ರಾತ್ರಿ 45. ಸಾರ್ವಜನಿಕ ಜಾಗದಲ್ಲಿ ಮೈಕ್ ಹಾಕಿದರೆ ಆ ಜಾಗದ ಅಂಚಿನಲ್ಲಿ ಇದಕ್ಕಿಂತ 10 ಜಾಸ್ತಿ ಇರಬಹುದು, ಇಲ್ಲವೇ 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ಲೆಕ್ಕ ಹಾಕಿದರೆ ನಿಮ್ಮ ಬೀದಿಗೆ 65. ಇಬ್ಬರು ಎದುರುಬದುರು ಕೂತು ಮಾಮೂಲಿಯಾಗಿ ಮಾತಾಡಿದರೇ 60ರ ಹತ್ತಿರ ಬರುತ್ತದೆ. ಇನ್ನು ಆಳೆತ್ತರದ ಸ್ಪೀಕರ್ ಸಾಲು 65ರೊಳಗೆ ಹಾಡುತ್ತದಾ, ನೀವೇ ಹೇಳಿ. ಪರ್ಮಿಷನ್ ಇರೋದು ಮೈಕ್ ಹಾಕೋದಕ್ಕೆ, ಈ ಮಿತಿ ದಾಟೋದಕ್ಕಲ್ಲ.

ತಟ್ಟೆ ಗಲಗಲ ಅನ್ನೋದು ಹಾಡುಗಾರನ ದನಿಯಿಂದಲ್ಲ, ಬೇಸ್‌ನಿಂದ. ಇಲ್ಲೊಂದು ತಮಾಷೆ ಇದೆ. ನಮ್ಮ ಕಿವಿ ತಗ್ಗಿನ ಸ್ವರಕ್ಕೆ ಸ್ವಲ್ಪ ಮಂದ, ಮೀಟರಿನ ಲೆಕ್ಕವನ್ನೂ ಕಿವಿಯ ಹಾಗೇ ಹೊಂದಿಸಿದ್ದಾರೆ. ಹಾಗಾಗಿ 63 ಹರ್ಟ್ಸ್‌ನ ಗುಂಯ್ ಸದ್ದಿಗೆ ಅದು ಸುಮಾರು 26 ಡೆಸಿಬೆಲ್ ಕಳೆದೇ ತೋರಿಸುತ್ತದೆ. ಮೀಟರಿನಲ್ಲಿ ನಂಬರ್ ಸಣ್ಣದು, ನಿಮ್ಮ ಮನೆಯಲ್ಲಿ ಕಿಟಕಿ ನಡುಗುತ್ತಿರುತ್ತದೆ. ಕಿಟಕಿ ಮುಚ್ಚಿದರೂ ಹಾಡು ತಗ್ಗುತ್ತದೆಯೇ ಹೊರತು ಆ ದುಂ ದುಂ ಅಷ್ಟಾಗಿ ತಗ್ಗಲ್ಲ.

ಅದಕ್ಕೇ ನನ್ನ ಸಲಹೆ, ರಾತ್ರಿ ಒಂಬತ್ತಕ್ಕೆ ಹುಡುಗರು ಕುಣೀತಿರೋವಾಗ ಹೋಗಿ ಜಗಳ ಆಡಬೇಡಿ. ಮಧ್ಯಾಹ್ನ ಸ್ಪೀಕರ್ ಇಳಿಸ್ತಿರ್ತಾರಲ್ಲ, ಆಗ ಸೌಂಡ್ ಸಿಸ್ಟಮ್‌ನವರನ್ನು ಹಿಡಿಯಿರಿ. ಕಮಿಟಿ ಅಧ್ಯಕ್ಷರಿಗಿಂತ ಅವರ ಕೈಯಲ್ಲೇ ಜಾಸ್ತಿ ಇರೋದು. "ಸೌಂಡ್ ಕಮ್ಮಿ ಮಾಡಿ" ಅನ್ನೋ ಬದಲು "ಬೇಸ್ ಇಳಿಸಿ, ಬಾಕ್ಸ್ ಮುಖ ರಸ್ತೆ ಕಡೆ ತಿರುಗಿಸಿ" ಅನ್ನಿ. ಒಂದು ಲೋಟ ಕಾಫಿ ಕೊಟ್ಟು ಹೇಳಿದರೆ ಇನ್ನೂ ಒಳ್ಳೇದು. ಹಿಂದೆ ಬಾಡಿಗೆಗಿದ್ದ ಬೀದಿಯಲ್ಲಿ ನಾನು ಮೂರು ವರ್ಷ ಜಗಳ ಆಡಿ, ನಾಲ್ಕನೇ ವರ್ಷ ಕಲಿತ ಉಪಾಯ ಇದು.

ಆದರೂ ಕೇಳದಿದ್ದರೆ 112ಕ್ಕೆ ಫೋನ್ ಮಾಡಿ. ಹೊಯ್ಸಳ ಗಾಡಿ ಬಂದಾಗ ಸೌಂಡ್ ಇಳಿಯುತ್ತದೆ, ಗಾಡಿ ತಿರುವಿನಲ್ಲಿ ಮರೆಯಾದ ತಕ್ಷಣ ಏರುತ್ತದೆ. ಗೊತ್ತಿರೋದೇ. ಸುಮ್ನೆ ಬಿಡದೆ ಮತ್ತೆ ಮಾಡಿ, ಪ್ರತಿ ಸಲದ ಹೊತ್ತನ್ನು ಬರೆದಿಡಿ, ಮಾರನೇ ದಿನ ಅದನ್ನೇ ಹಾಕಿ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಹಗಲಿನ ದೂರಿಗೆ ಸದ್ದು ಮಿತಿಗಿಂತ 10 ಡೆಸಿಬೆಲ್ ಆದರೂ ಜಾಸ್ತಿ ಇರಬೇಕು ಅನ್ನುತ್ತದೆ ನಿಯಮ. ರಾತ್ರಿ ಹತ್ತು ದಾಟಿ ಬಯಲಲ್ಲಿ ಮೈಕ್ ಹಾಡುತ್ತಿದ್ದರೆ ಮೀಟರೇ ಬೇಡ, ಗಡಿಯಾರ ಸಾಕು.

ಪ್ರಶ್ನೆ: ನಾವು ಗಣೇಶ ಕೂರಿಸುವವರು. ಹಬ್ಬಕ್ಕೆ ರಾತ್ರಿ 12ರವರೆಗೆ ಅವಕಾಶ ಇದೆ ಅಂತಾರೆ, ನಿಜವಾ?
— ಯುವಕ ಸಂಘದ ಸದಸ್ಯ, ಯಲಹಂಕ

ಉತ್ತರ: ಅರ್ಧ ನಿಜ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ 10ರಿಂದ 12ರವರೆಗೆ ಮೈಕ್ ಬಿಡೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ, ಯಾವ ದಿನಗಳು ಅಂತ ಮೊದಲೇ ಹೇಳಿರಬೇಕು. ದಿನ ಆರಿಸೋದು ಸರ್ಕಾರ, ನಿಮ್ಮ ಸಂಘ ಅಲ್ಲ. ಆ ಪಟ್ಟಿಯಲ್ಲಿ ನಿಮ್ಮ ದಿನ ಇಲ್ಲದಿದ್ದರೆ ಹತ್ತಕ್ಕೆ ಬಂದ್. ಮೈಕ್‌ಗೆ ಲಿಖಿತ ಅನುಮತಿಯಂತೂ ಹಗಲಿಗೂ ಬೇಕು, ಬಾಯಿಮಾತಿನ "ಆಯ್ತು ಹಾಕ್ಕೊಳ್ಳಿ" ನಡೆಯಲ್ಲ.

ಪ್ರಶ್ನೆ: ಎದುರಿನ ಕಟ್ಟಡದ ಟೆರೇಸಿನಲ್ಲಿ ಪಬ್. ರಾತ್ರಿ ಒಂದರವರೆಗೆ ಡಿಜೆ. ಕೇಳಿದರೆ "ನಮ್ಮದು ಖಾಸಗಿ ಜಾಗ" ಅನ್ನುತ್ತಾರೆ. ಫೋನಿನ ಆ್ಯಪ್‌ನಲ್ಲಿ ಅಳೆದರೆ 80 ತೋರಿಸುತ್ತದೆ. ಅದು ಸಾಕ್ಷಿ ಆಗುತ್ತದಾ?
— ಓದುಗರು, ಇಂದಿರಾನಗರ

ಉತ್ತರ: ಖಾಸಗಿ ಆದರೆ ಮಿತಿ ಇನ್ನೂ ಬಿಗಿ. ಖಾಸಗಿ ಸೌಂಡ್ ಸಿಸ್ಟಮ್ ಆ ಜಾಗದ ಅಂಚಿನಲ್ಲಿ ಮಿತಿಗಿಂತ 5 ಡೆಸಿಬೆಲ್ ಮಾತ್ರ ಜಾಸ್ತಿ ಇರಬಹುದು. ನಿಮ್ಮದು ಮನೆಗಳಿರೋ ವಲಯ ಆಗಿದ್ದರೆ ರಾತ್ರಿ 50, ಅಂಗಡಿ ವಲಯ ಅಂದರೂ 60. ರಾತ್ರಿ ಹತ್ತರ ಮೇಲೆ ಸ್ಪೀಕರ್‌ಗೆ ವಿನಾಯಿತಿ ಇರೋದು ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗಕ್ಕೆ, ಅದೂ ಒಳಗಿನವರಿಗೆ ಕೇಳಿಸೋದಕ್ಕೆ. ಮೇಲೆ ಆಕಾಶ ಕಾಣೋ ಟೆರೇಸು ಮುಚ್ಚಿದ ಜಾಗ ಹೇಗಾಗುತ್ತದೆ?

ಆ್ಯಪ್ ನಂಬರನ್ನು ಪಬ್‌ನವರು ಒಪ್ಪಲ್ಲ, ಫೋನಿಂದ ಫೋನಿಗೆ ಬೇರೆ ಬೇರೆ ತೋರಿಸುತ್ತದೆ. ಅಳೆಯಬೇಕಾದ್ದು ಸರಿಯಾದ ಮೀಟರಿನಲ್ಲಿ, ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಅರ್ಜಿ ಹಾಕಿ. ಆದರೆ ನಿಮ್ಮ ಬೆಡ್‌ರೂಮ್ ಕಿಟಕಿಯಿಂದ ಆ ಟೆರೇಸು, ಪಕ್ಕದಲ್ಲಿ ಗೋಡೆ ಗಡಿಯಾರ, ಜೊತೆಗೆ ಸದ್ದು, ಮೂರೂ ಒಂದೇ ವಿಡಿಯೋದಲ್ಲಿ ಬಂದರೆ ಠಾಣೆಯಲ್ಲಿ ಮಾತು ಬೇರೆ ಥರ ಶುರುವಾಗುತ್ತದೆ. ಗಡಿಯಾರಕ್ಕೆ ಸೆಲ್ ಹಾಕಿದ್ದೀರಾ ನೋಡಿಕೊಳ್ಳಿ.