43 ಡಿಗ್ರಿ ಬಿಸಿಲು, ತಗಡಿನ ಲಾಯ, ನೀರು ಕುಡಿಯದ ಕುದುರೆ

ಅಣ್ಣಾರೇ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ಓದಿದೆ. ಲಾಯದ ಕೆಲಸ ಮುಗಿಸಿ ಈಗ ಬರೆಯಲು ಕೂತಿದ್ದೇನೆ. ಸೇಡಂ ಹತ್ತಿರ ತಗಡಿನ ಲಾಯ, ಮಾರವಾಡಿ ತಳಿಯ ಗಂಡು ಕುದುರೆ ಒಂದು, ಬಿಳಿ ಮೈಯ ನುಕ್ರಾ ಹೆಣ್ಣು ಒಂದು, ಅದರ ಎರಡು ತಿಂಗಳ ಮರಿ. ಬಿಸಿಲು 43ಕ್ಕೆ ಹೋಗಿದೆ, ಗಂಡು ಮೂರು ದಿನದಿಂದ ನೀರು ಸರಿಯಾಗಿ ಕುಡಿಯುತ್ತಿಲ್ಲ, ಲದ್ದಿ ಗಟ್ಟಿಯಾಗಿದೆ, ಭಾನುವಾರ ಮಧ್ಯಾಹ್ನದ ಮದುವೆ ಮೆರವಣಿಗೆಗೆ ಮಾತು ಕೊಟ್ಟಿದ್ದೀರಿ. ನಮ್ಮ ಮನೆಯಲ್ಲೂ ಅಪ್ಪನ ಕಾಲದಿಂದ ಕುದುರೆ ಇವೆ, ಈಗ ಐದು. ಊರು ಚಿತ್ತಾಪುರದ ಕಡೆ, ಬಿಸಿಲು ನಿಮ್ಮದೇ.

ಲದ್ದಿ ಗಟ್ಟಿ ಅಂದಿರಲ್ಲ, ನನಗೆ ಹೆದರಿಕೆ ಅದೇ. ನೀರು ಸಾಲದೆ ಒಣ ಮೇವು ಕರುಳಿನಲ್ಲಿ ಕಟ್ಟಿಕೊಂಡರೆ ಕೋಲಿಕ್ ಹೊಟ್ಟೆನೋವು ಶುರುವಾಗುತ್ತದೆ. ಮೇವು ಬಿಡುವುದು, ಪಕ್ಕೆ ಕಡೆ ತಿರುತಿರುಗಿ ನೋಡುವುದು, ಕಾಲಿನಿಂದ ನೆಲ ಕೆರೆಯುವುದು, ಹೊರಳಾಡುವುದು, ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರನ್ನು ಕರೆಸಿ. ಅವರು ಬರುವ ತನಕ ಬಾಯಿಗೆ ಎಣ್ಣೆ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಇನ್ನು ನೀರು ಯಾಕೆ ಕುಡಿಯುತ್ತಿಲ್ಲ? ಮಧ್ಯಾಹ್ನ ಎರಡಕ್ಕೆ ತೊಟ್ಟಿಗೆ ಕೈ ಹಾಕಿ ನೋಡಿ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನಿಂದ ಬರುವ ನೀರು ನಮ್ಮ ಸ್ನಾನಕ್ಕೂ ಬಿಸಿ ಅನ್ನಿಸುತ್ತದೆ. ನಾವು ಬೆಳಗಿನ ಜಾವದ ಬೋರ್‌ವೆಲ್ ನೀರನ್ನೇ ಫರಸಿ ಕಲ್ಲಿನ ತೊಟ್ಟಿಗೆ ತುಂಬುತ್ತೇವೆ, ತೊಟ್ಟಿ ಬೇವಿನ ಮರದ ನೆರಳಿನಲ್ಲಿದೆ. ಪಾಚಿ ಕಟ್ಟಿದರೂ ಕುದುರೆ ಮೂಸಿ ಹಿಂದೆ ಸರಿಯುತ್ತದೆ, ಹಾಗಾಗಿ ದಿನಾ ಉಜ್ಜಿ ತೊಳೆಯಬೇಕು. ಸುಮಾರು 400 ಕೆಜಿ ತೂಗುವ ಕುದುರೆಗೆ ತಂಪು ದಿನದಲ್ಲೇ 20ರಿಂದ 30 ಲೀಟರ್ ಬೇಕು. ಈ ಬಿಸಿಲಿಗೆ 50 ದಾಟಬಹುದು, ಹಾಲೂಡಿಸುವ ತಾಯಿಗೆ ಇನ್ನೂ ಹೆಚ್ಚು. ಗಂಡಿಗೆ ಒಂದು ವಾರ ಬಕೆಟ್‌ನಲ್ಲೇ ಇಟ್ಟು ಎಷ್ಟು ಖಾಲಿಯಾಯಿತು ಎಂದು ಬರೆದಿಡಿ, ಕಣ್ಣಂದಾಜು ಬೇಡ.

ಉಪ್ಪು ಮರೆಯಬೇಡಿ. ಕುದುರೆಯ ಬೆವರಿನಲ್ಲಿ ನಮ್ಮ ಬೆವರಿಗಿಂತ ಉಪ್ಪಿನಂಶ ಹೆಚ್ಚು. ಉಪ್ಪು ಕಡಿಮೆಯಾದರೆ ಬಾಯಾರಿಕೆಯೇ ಹುಟ್ಟುವುದಿಲ್ಲ, ಮೈಯಲ್ಲಿ ನೀರಿಲ್ಲದಿದ್ದರೂ ಸುಮ್ಮನೆ ನಿಂತಿರುತ್ತದೆ. ಸಾಮಾನ್ಯ ದಿನ 25–30 ಗ್ರಾಂ, ಬೆವರಿಳಿಯುವ ದಿನ 50–60 ಗ್ರಾಂ ಉಪ್ಪನ್ನು ಎರಡು ಹೊತ್ತಿಗೆ ಹಂಚಿ, ಬೂಸಾ ಹಸಿ ಮಾಡಿ ಅದರಲ್ಲಿ ಕಲಸಿ ಕೊಡಿ. ಪಕ್ಕದಲ್ಲಿ ಸಪ್ಪೆ ನೀರು ಇರಲೇಬೇಕು. ಕುಡಿಯದ ಕುದುರೆಗೆ ಒತ್ತಾಯದಿಂದ ಉಪ್ಪು ತಿನ್ನಿಸಿದರೆ ಕೇಡೇ ಹೆಚ್ಚು.

ಬಿಸಿಲಿಗೆ ಹೆದರಿ ಮೇವು ಕಡಿಮೆ ಮಾಡುವವರಿದ್ದಾರೆ, ಅದು ತಪ್ಪು. ಕೆಲಸವಿಲ್ಲದಾಗ ಕಡಿಮೆ ಮಾಡಬೇಕಾದ್ದು ಹುರುಳಿ, ಕಡಲೆ. ನಾರಿನ ಮೇವು ಕರುಳಿನಲ್ಲಿ ನೀರನ್ನು ಹಿಡಿದಿಡುತ್ತದೆ. ಆದರೆ ಅದು ಅರಗುವಾಗ ಮೈಯಲ್ಲಿ ಕಾವು ಏಳುತ್ತದೆ, ಹಾಗಾಗಿ ನಮ್ಮಲ್ಲಿ ಹೆಚ್ಚಿನ ಪಾಲು ಸಂಜೆ ಏಳರ ಮೇಲೆಯೇ. ಒಣ ಹುಲ್ಲನ್ನು ಸ್ವಲ್ಪ ನೆನೆಸಿ ಕೊಡುತ್ತೇವೆ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಹಸಿ ಮೇವು) ಸಿಕ್ಕರೆ ಒಂದು ಹಿಡಿ ಸೇರಿಸಿ. ಎಳೆ ಜೋಳ ಮಾತ್ರ ಬೇಡ, ಅದರಲ್ಲಿ ವಿಷವಿರುತ್ತದೆ.

ನಮ್ಮ ದಿನ ಈಗ ಪೂರ್ತಿ ತಿರುಗಾಮುರುಗಾ. ನಾಲ್ಕೂವರೆಗೆ ಎದ್ದು ಕುದುರೆ ಬಿಡುತ್ತೇವೆ. ಓಡಾಟ, ಮಾಲೀಸು, ಲಾಳ ನೋಡುವುದು ಎಲ್ಲ ಎಂಟರೊಳಗೆ ಮುಗಿಯಬೇಕು. ಒಂಬತ್ತರಿಂದ ಸಂಜೆ ಆರರ ತನಕ ನೆರಳು. ರಾತ್ರಿ ಹೊರಗೆ, ಅಂಗಳದಲ್ಲಿ. ತಗಡಿನ ಮೇಲೆ ಸುಣ್ಣ ಬಳಿದು ತೊಗರಿ ಕಟ್ಟಿಗೆ ದಪ್ಪಗೆ ಹರಡಿದ್ದೇವೆ. ಒಳಗೆ ಕಾಲಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಒಲೆಯ ಕಿಡಿ, ಕರೆಂಟ್ ವೈರ್ ಹತ್ತಿರ ಇರದಂತೆ ನೋಡಿಕೊಳ್ಳಿ. ಗೋಡೆಯ ಮೇಲ್ಭಾಗದಲ್ಲಿ ಬಿಸಿ ಗಾಳಿ ಹೊರಹೋಗಲು ದಾರಿ ಇರಲಿ.

ಈಗ ಮೆರವಣಿಗೆ. ಹೋಗಬೇಡಿ ಎಂದೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಾನೂ ಮಾತು ಉಳಿಸಿಕೊಳ್ಳಲು ಹೋಗಿದ್ದೆ. ಡಾಂಬರ್ ರಸ್ತೆ, ಡಿಜೆ, ಒಂದು ಗಂಟೆ ಎಂದವರು ಎರಡೂವರೆ ಗಂಟೆ ನಿಲ್ಲಿಸಿದರು. ನಮ್ಮ ಕುದುರೆ ಬಿಜಲಿಯ ಬೆವರು ನಿಂತುಹೋಯಿತು, ಮೂಗಿನ ಹೊಳ್ಳೆ ಅಗಲವಾಗಿ ಉಸಿರು ಕಿತ್ತುಕೊಂಡು ಬರುತ್ತಿತ್ತು, ಹಿಂಗಾಲು ತೊಡರುತ್ತಿತ್ತು. ಥರ್ಮಾಮೀಟರ್ 41 ತೋರಿಸಿತು. ಸರಿಯಾದ ಮೈ ಬಿಸಿ 37.5ರಿಂದ 38.5. ಸುತ್ತ ನಿಂತವರು ತಣ್ಣೀರು ಹಾಕಬೇಡ, ನರ ಹಿಡಿಯುತ್ತದೆ ಎಂದು ಕೈ ಹಿಡಿದರು. ನಾನು ಕೇಳಲಿಲ್ಲ. ಟ್ಯಾಂಕರ್ ಪೈಪ್ ಹಿಡಿದು ಕುತ್ತಿಗೆ, ಎದೆ, ಹೊಟ್ಟೆ, ತೊಡೆಗೆ ಬಿಡದೆ ನೀರು ಬಿಟ್ಟೆ. ಅರ್ಧ ಗಂಟೆಗೆ 39ಕ್ಕೆ ಇಳಿಯಿತು, ಅಷ್ಟರಲ್ಲಿ ಡಾಕ್ಟರು ಬಂದು ಡ್ರಿಪ್ ಹಾಕಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಕಾದ ಕುದುರೆಗೆ ತಣ್ಣೀರಿನಿಂದ ಅಪಾಯವಿಲ್ಲ. ನೀರು ಕಡಿಮೆ ಇದ್ದರೆ ಸುರಿದು, ಕೈಯಿಂದ ಒರೆಸಿ ತೆಗೆದು, ಮತ್ತೆ ಸುರಿಯಿರಿ. ಒದ್ದೆ ಗೋಣಿಚೀಲ ಮಾತ್ರ ಮೈಮೇಲೆ ಹೊದಿಸಿ ಬಿಡಬೇಡಿ, ಅದು ಕಾವನ್ನು ಒಳಗೇ ಹಿಡಿಯುತ್ತದೆ. ನಿಮ್ಮ ಗಂಡಿಗೆ ಈಗಾಗಲೇ ನೀರಿನ ಕೊರತೆ ಇದೆ, ಅದು ಅಷ್ಟು ತಡೆಯುವುದು ಕಷ್ಟ. ಅಡ್ವಾನ್ಸ್ ವಾಪಸ್ ಕೊಟ್ಟುಬಿಡಿ.

ನುಕ್ರಾದ ಮೂತಿಯ ಗುಲಾಬಿ ಚರ್ಮ ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತದೆ, ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ. ಮರಿಯ ಬಗ್ಗೆ ತಿಳಿಯಲು ತಾಯಿಯ ಕೆಚ್ಚಲು ನೋಡಿ. ಅದು ಬಿಗಿದು ಹಾಲು ತೊಟ್ಟಿಕ್ಕುತ್ತಿದ್ದರೆ ಮರಿ ಕುಡಿಯುವುದನ್ನು ಬಿಟ್ಟಿದೆ ಎಂದರ್ಥ, ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಮಂಗಳೂರಿನ ತಂಗಿ, ನಮ್ಮಲ್ಲಿ ಬರೀ 34 ಡಿಗ್ರಿ, ಆದರೂ ಕುದುರೆ ಯಾಕೆ ಬಳಲುತ್ತದೆ ಎಂದು ಕೆಳಗೆ ಕೇಳಿದ್ದೀರಿ. ನಿಮ್ಮ ಗಾಳಿಯ ತೇವದಲ್ಲಿ ಬೆವರು ಆರುವುದಿಲ್ಲಮ್ಮ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ನಮ್ಮ ಒಣ ಬಿಸಿಲಿನಲ್ಲಿ ಅದು ಆರುತ್ತದೆ, ಆದರೆ ಒಳಗಿನ ನೀರೇ ಮುಗಿದುಹೋಗುತ್ತದೆ. ನಿಮಗೆ ಫ್ಯಾನ್ ಮುಖ್ಯ, ನಮಗೆ ನೀರು.

ಅಣ್ಣಾರೇ, ಇವತ್ತು ಸಂಜೆಯೇ ಮೂರು ನೋಡಿ. ಥರ್ಮಾಮೀಟರಿಗೆ ದಾರ ಕಟ್ಟಿ ಗುದದಲ್ಲಿಟ್ಟು ಮೈ ಬಿಸಿ. ಒಸಡು ಒತ್ತಿ ಬಿಟ್ಟಾಗ ಕೆಂಪು ಎರಡು ಸೆಕೆಂಡಿನಲ್ಲಿ ಮರಳುತ್ತದೆಯೇ. ಕುತ್ತಿಗೆಯ ಚರ್ಮ ಎಳೆದು ಬಿಟ್ಟಾಗ ತಕ್ಷಣ ಕೂರುತ್ತದೆಯೇ. ಎಷ್ಟು ಬಂತು ಇಲ್ಲೇ ಹಾಕಿ, ರಾತ್ರಿ ಹನ್ನೊಂದರ ತನಕ ನಾನು ಎದ್ದಿರುತ್ತೇನೆ.